ಉದ್ರಿ ವಹಿಯಾಗ ಒಂದು ಕುಲ

ವಿಜಾಪುರ ರಸ್ತೆದಾಗ, ಜತ್ತ ಇನ್ನೂ ಎರಡು ಕಿಲೋಮೀಟರ್ ಇರಾಕ,
ನಂದೊಂದು ಪಂಕ್ಚರ್ ಅಂಗಡಿ.
ಅದರ ಮುಂದ ಬಣ್ಣ ಬಳದ ಕಲ್ಲು,
ಮರಾಠಿಯೊಳಗ ಎರಡೇ ಅಕ್ಷರ: ಜ, ತ.

ನಿನ್ನಿ ರಾತ್ರಿ ಒಣದ್ರಾಕ್ಷಿ ಹೇರಿದ ಲಾರಿ ನಿಂತು
ಇಳದಾವ ಮೊದಲು ಗಾಲಿ ನೋಡಲಿಲ್ಲ,
ಕಲ್ಲು ನೋಡಿದ.
ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.
ತನ್ನ ಎದಿಗೆ ಬೆರಳಿಟ್ಟು ನಕ್ಕ:
"ಇದು ನಮ್ಮ ಮಂದಿ ಹೆಸರು!
ಇಲ್ಲಿತನಾ ಯಾರು ಬಂದು ಕೂತಾರ?"
ಯಾರೂ ಬಂದಿಲ್ಲಪ್ಪ, ಊರಿನ ಹೆಸರದು, ಅಂದೆ.
"ನಮ್ಮದಕ್ಕ ಜಕ್ಕ ದೀರ್ಘ, ಮುಂದ ತ ಅಲ್ಲ, ಟ.
ಅಷ್ಟ ಫರಕು."
ಅಷ್ಟ ಫರಕಿನಾಗ ಎಷ್ಟು ದೂರ ಐತಿ ಅನ್ನೂದು
ಅವನ ಟೈಯರಿಗೆ ಗೊತ್ತು.

ರಿಸಾಲ್ ಸಿಂಗ್. ರೋಹತಕದ ಕಡೆಯಾವ.
ಟ್ಯೂಬು ನೀರಾಗ ಮುಳುಗಿಸಿ ನಾ ಗುಳ್ಳಿ ಹುಡುಕೂತನಕ
ತನ್ನ ಗೋತ್ರದ ಕಥಿ ಬಿಚ್ಚಿದ.
ಭಾಟ ಹೇಳಿದ್ದು: ಮೂಲಪುರುಷ ರಾಜನ ಮಗ,
ಸಿಟ್ಟು ಬಂದು ಕಿರೀಟ ಒಗದು ನೇಗಿಲು ಹಿಡದ.
ಚಿಕ್ಕಪ್ಪ ಹೇಳಿದ್ದು: ರಾಜನೂ ಇಲ್ಲ ಗೀಜನೂ ಇಲ್ಲ,
ಊರ ಭಾವಿ ನೀರು ಉಪ್ಪಿತ್ತು, ಆ ಉಪ್ಪೇ ಹೆಸರಾತು.
ಹಳೇ ಸಾಹೇಬನೊಬ್ಬ ಬರಕೊಂಡ ಪಟ್ಟಿಯೊಳಗ
ಅದೇ ಹೆಸರು ಎರಡು ಸಲ, ಎರಡು ಥರ,
ಎರಡು ಬ್ಯಾರೆ ಕುಲ ಅಂತ.
"ಮದುವಿ ಮಾತು ಬಂದಾಗ ನೋಡಬೇಕು ನೀ,
ಒಂದೇ ಕುಲಾನೋ, ಎರಡೋ?
ನನ್ನ ತಂಗಿ ಸಂಬಂಧ
ಆ ಪಟ್ಟಿ ಮ್ಯಾಲ ಮುರದ ಬಿತ್ತು."

ನಾನೂ ನಮ್ಮದು ಹೇಳಿದೆ. ಹಗೇದ. ಮಾಯಪ್ಪ ಹಗೇದ.
ಮೊದಲು ಹೆಳವ ಬರತಿದ್ದ ಎತ್ತಿನ ಮ್ಯಾಲ,
ಈಗ ಅವನ ಮಗ ಬೈಕಿನ ಮ್ಯಾಲ;
ಕೆಂಪು ಅರಿವಿ ಬಿಚ್ಚಿ ಓದತಾನ:
ಕುದುರಿ ದಂಡು ಬಂದ ದಿವಸ ತಾಯಿ ಕೂಸಿನ್ನ ಹಗೇವಿಗೆ ಇಳಿಸಿ
ಬಾಯಿಗೆ ಕಲ್ಲು ಮುಚ್ಚಿದಳು. ಮೂರು ದಿನಕ್ಕ ತಗದಳು.
ಜೋಳದ ಕಾವಿಗೆ ಕೂಸು ಕೆಂಪಾಗಿತ್ತು, ಜೀವಂತಿತ್ತು,
ಅದರ ಕುಲ ನೀವು.
ನಮ್ಮ ಬಾಳವ್ವಾಯಿ ಒಮ್ಮೆ ಕೇಳಿಬಿಟ್ಟಳು:
"ಹಗೇವಿನಾಗ ದೀಪಾನ ಉಳಿಯೂದಿಲ್ಲ,
ಕೂಸು ಹ್ಯಾಂಗ ಉಳದೀತೋ?"
ಮೊರದಾಗಿನ ಜೋಳ ಚೀಲಕ್ಕ ಸುರಕೋತ ಹೆಳವ ಅಂದ:
"ಬರದದ್ದ ಓದತೀನವ್ವಾ.
ಉಸಿರಿನ ಲೆಕ್ಕ ನನ್ನ ಕಡೆ ಇಲ್ಲ."

ಗುಡಿ ಹಿಂದಿನ ಕಲ್ಲಿನ ಮ್ಯಾಲ ಎರಡಕ್ಷರ ಉಳದಾವು: ಗೇದ.
ಮುಂದಿಂದು ಒಡದೈತಿ. ನಮ್ಮದ ಅಂತ ಅರಿಷಿಣ ಹಚ್ಚತೀವಿ.
ನೋಡಾಕ ಬಂದ ಮಾಸ್ತರ, ಇದು ಗೆಯ್ದ ಇರಬೇಕು ಅಂದ.
ಗೆಯ್ದ, ಅಂದರ ಮಾಡಿದ.
ಯಾರು ಮಾಡಿದ, ಏನು ಮಾಡಿದ,
ಅದು ಒಡದ ಚೂರಿನಾಗ ಹೋತು.
ಮೋಡಿ ಕಾಗದದಾಗ ನಾವು ಹಗದೆ.
ಸಾಲಿ ದಾಖಲೆದಾಗ ಹೆಗಡೆ.
ರೇಷನ್ ಕಾರ್ಡಿನಾಗ, ಹೇಳಾಕ ನಾಚಿಕಿ, ಹಗಲೆ.
ಎಲ್ಲಾ ಹೆಸರಿಗೂ ಒಬ್ಬಾವ ಅಂತ
ಸ್ಟಾಂಪ್ ಕಾಗದದ ಮ್ಯಾಲ ಪ್ರಮಾಣಪತ್ರ ಮಾಡಿಸೀನಿ.
ಅದರಾಗ ಅಪ್ಪನ ಹೆಸರು ತಪ್ಪೈತಿ.

ರಿಸಾಲ್ ಲಾರಿಗೆ ಒರಗಿ ಕಣ್ಣಾಗ ನೀರು ಬರೂಹಂಗ ನಕ್ಕ.
ನಗಿ ನಿಂತ ಮ್ಯಾಲ ಕೇಳಿದ:
"ಮತ್ತ ಆ ಕೂಸು ಉಳೀತೋ, ಇಲ್ಲೋ?"
ಅಷ್ಟರಾಗ ಗುಳ್ಳಿ ಸಿಕ್ತು. ಬೆರಳೊತ್ತಿ ಹಿಡದೆ.
ನಾ ಇದ್ದೀನಲ್ಲ, ಅಂದೆ.

ಅವನ ಕಡೆ ಚಿಲ್ಲರ ಇರಲಿಲ್ಲ, ಫೋನಿಗೆ ರೇಂಜಿರಲಿಲ್ಲ.
ಬರಕೋ ಅಂದ. ಹೆಸರು ಹೇಳಿದ,
ಗೋತ್ರಾ ಸೈತ, ಮೂರು ಸಲ.
ಮೂರು ಸಲಾನೂ ನನ್ನ ಕಿವಿಗೆ ಬ್ಯಾರೆ ಬ್ಯಾರೆ ಬಿತ್ತು.
ಕಡೀಕ ಕೇಳಿದ್ದನ್ನ ಕನ್ನಡದಾಗ ಇಳಿಸಿದೆ.
ಟ ಹೋಗಿ ತ ಆತೋ ಏನೋ.
ಕೈಗೆ ಗ್ರೀಸ್ ಹತ್ತಿತ್ತು,
ನಡುವಿನ ಅಕ್ಷರ ಅಳಸಿತು.

ಮುಂದ ಯಾರರ ಹುಡುಕ್ಕೋತ ಬಂದರ ವಹಿ ಇಲ್ಲೇ ಐತಿ:
ಜತ್ತ, ಮಂಗಳವಾರ, ಹಿಂದಿನ ಎಡಗಾಲಿ,
ಅರವತ್ತು ರೂಪಾಯಿ,
ಇಂಥಾ ಕುಲದಾವ,
ಬರತೀನಿ ಅಂದಾನ.