ತ್ರೈಮಾಸಿಕ ವರದಿ

ಟ್ಯಾನರಿ ರಸ್ತೆಯ ಬ್ಯಾಪ್ಟಿಸ್ಟ್ ಮಿಷನ್ ದವಾಖಾನೆಯಲ್ಲಿ
ಹತ್ತೊಂಬತ್ತು ವರ್ಷ ಟೈಪು ಹೊಡೆದೆ ನಾನು.
ಮಿಸ್ ಗ್ವೆನ್ ಪ್ರಾಸರ್ ನಿಂತುಕೊಂಡೇ ಹೇಳುತ್ತಿದ್ದರು,
ಮುಂಗೈಯ ಅಯೊಡಿನ್ ಕಲೆ ತಿಕ್ಕುತ್ತ.
ಆರಡಿ ಹೆಂಗಸು. ರೋಗಿಗಳ ಬಾಯಲ್ಲಿ ಗ್ವೆನ್ ನಿಲ್ಲದೆ
ಗೇಣಮ್ಮ ಆಗಿದ್ದರು.
ಅರ್ಥ ತಿಳಿದ ದಿನ ಬಾಗಿಲ ಚೌಕಟ್ಟಿಗೆ ಒರಗಿ
ತಮ್ಮನ್ನೇ ಗೇಣು ಗೇಣಾಗಿ ಅಳೆದು
"ಎಂಟು, ಮಿಸ್ಟರ್ ವೆಂಕೋಬ" ಎಂದರು.

ಕನ್ನಡ ಬರುತ್ತಿತ್ತು. ಳಕಾರ ಬರುತ್ತಿರಲಿಲ್ಲ.
ಲಿಂಗರಾಜಪುರ ಇನ್ನೂ ರಾಗಿಹೊಲದ ನಡುವೆ ಇದ್ದ ಕಾಲ.
ಅಲ್ಲಿಯ ಹೆಂಗಸರಿಗೆ ಕೈಮುಗಿದು
"ನಿಮ್ಮ ಹಲ್ಲಿಗೆ ಬಂದಿದ್ದೇನೆ" ಎಂದರು.
ಒಬ್ಬಳು ಸೂರಿನ ಕಡೆ ನೋಡಿದಳು.
ಇನ್ನೊಬ್ಬಳು, ತುಂಬು ಬಸುರಿ, ನಕ್ಕು ನಕ್ಕು
ಸೊಂಟ ಹಿಡಿದು ಕೂತವಳು ಆ ರಾತ್ರಿಯೇ ಹೆತ್ತಳು.
ಕೂಸು ಅಡ್ಡ ಬಂದಿತ್ತು. ಗೇಣಮ್ಮ ತಿರುಗಿಸಿದರು.

ಮೂರು ತಿಂಗಳಿಗೊಮ್ಮೆ ವರದಿ ವೇಲ್ಸಿಗೆ,
ಒಂದು ಕಲ್ಲಿದ್ದಲ ಊರಿಗೆ.
ಕಾಲುಚೀಲ ಹೆಣೆದು, ಕೇಕು ಮಾರಿ
ದುಡ್ಡು ಕಳಿಸುವವರು ಅಲ್ಲಿಯವರು; ಲೆಕ್ಕ ಬೇಕಲ್ಲ.
ಹೊರರೋಗಿಗಳು: ನಾಲ್ಕು ಸಾವಿರದ ಹನ್ನೆರಡು.
ಹೆರಿಗೆ: ನೂರಾ ಆರು.
ದೀಕ್ಷಾಸ್ನಾನ ಪಡೆದವರು:
ಇಲ್ಲಿಗೆ ಬಂದಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು.
ನಾನು ಸೊನ್ನೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ.

ನೆತ್ತಿಗೆ ಚಿಮುಕಿಸಿ ಮುಗಿಸುವ ಪಂಥವಲ್ಲ ಅವರದು,
ಇಡೀ ಮುಳುಗಿ ಏಳಬೇಕು.
ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ, ಇಳಿಯಲು ಏಳು ಮೆಟ್ಟಿಲು,
ಮೇಲೆ ಹಲಗೆ, ಹಲಗೆಗೆ ಬೀಗ,
ಕೀಲಿ ಮಾಲಿ ಸ್ತೇಫನಪ್ಪನ ಉಡಿದಾರದಲ್ಲಿ.
ಒಂದು ಬೇಸಿಗೆ ಹನ್ನೊಂದು ದಿನ
ನಲ್ಲಿಗಳು ಬರೀ ಉಸಿರು ಬಿಟ್ಟವು.
ಗೇಟಿನಾಚೆ ಬಿಂದಿಗೆಗಳ ಸಾಲು,
ಮಸೀದಿ ಓಣಿಯವರು, ಮಾರಮ್ಮನ ಗುಡಿಯ ಕಡೆಯವರು,
ಅವರವರ ಬೈಗುಳ ಅವರವರ ಭಾಷೆಯಲ್ಲಿ.
"ಅದು ಸಂಸ್ಕಾರದ ನೀರು" ಎಂದು
ಸಭಾಪಾಲಕರು ಮಾತು ಮುಗಿಸುವುದರೊಳಗೆ
ಬೀಗ ತೆಗೆದಾಗಿತ್ತು.
ಆ ಸಲ ವರದಿಗೆ ಹೇಳಿದರು:
"ಮುಳುಗಿ ಎದ್ದವರು, ಸುಮಾರು ಮುನ್ನೂರು."
ತಡೆದು, "ಹೆಚ್ಚಿನವರು ಹಿತ್ತಾಳೆ."
ಆಮೇಲೆ, "ಹೊಡೆದುಹಾಕಿ. ಸೊನ್ನೆ ಇರಲಿ."

ಕೊನೆಯ ಹಾಳೆ ಯಾವಾಗಲೂ ಪ್ರಾರ್ಥನೆಯ ಬೇಡಿಕೆಗಳದು.
ಒಂದು ಆಷಾಢದ ಮಧ್ಯಾಹ್ನ, ದನಿ ಬದಲಿಸದೆ,
"ಏಳನೆಯದು: ನಮ್ಮ ಟೈಪಿಸ್ಟ್ ವೆಂಕೋಬ. ಪ್ರಾಮಾಣಿಕ.
ಇನ್ನೂ ಬೆಳಕಿಗೆ ಬಂದಿಲ್ಲ. ಇವನಿಗಾಗಿ ಬೇಡಿಕೊಳ್ಳಿ."
ಅಂಗಿಯೊಳಗೆ ಜನಿವಾರ ಬೆವರಿಗೆ ಅಂಟಿತ್ತು.
ಹೊಡೆದೆ.
ಪ್ರಾಮಾಣಿಕ ಎಂಬಲ್ಲಿ ಒಂದಕ್ಷರ ತಪ್ಪಿತು,
ರಬ್ಬರಿನಿಂದ ಉಜ್ಜಿ ಸರಿಮಾಡಿದೆ.
ಮೂರು ಪ್ರತಿ. ಕಾರ್ಬನ್ನಿನಲ್ಲಿ ನಾನು ನೀಲಿಯಾಗಿದ್ದೆ.
ಸಿಟ್ಟು ಬಂತೆ? ಬಂತು,
ಶಿವಾಜಿನಗರದ ಬಸ್ ನಿಲ್ದಾಣದವರೆಗೂ ಇತ್ತು.
ಬಸ್ಸಿನಲ್ಲಿ ಸೀಟು ಸಿಕ್ಕಮೇಲೆ ಅನ್ನಿಸಿತು:
ಹೆತ್ತವರೂ ನನ್ನನ್ನು ಅಷ್ಟು ದೂರ ಕಳಿಸಿದವರಲ್ಲ.

ವೀಸಾ ಮುಗಿಯಿತು. ಎರಡು ಟ್ರಂಕು, ಒಂದು ಕೊಡೆ.
ಕ್ರಿಸ್ಮಸ್ಸಿಗೆ ಕಾಗದ, ವರ್ಷ ವರ್ಷ, ಕನ್ನಡದಲ್ಲೇ.
ಕೊನೆಯದು ವೃದ್ಧಾಶ್ರಮದಿಂದ:
"ನನ್ನ ಹಲ್ಲಿಯಲ್ಲಿ ಮಲೆ ಬರುತ್ತಿದೆ.
ಇಲ್ಲಿ ಯಾರೂ ಗೇಣಮ್ಮ ಅನ್ನುವುದಿಲ್ಲ.
ಪಟ್ಟಿಯಲ್ಲಿ ನೀವು ಇನ್ನೂ ಏಳನೆಯವರು,
ಬುಧವಾರ ಸಂಜೆ ಏಳು ಗಂಟೆಗೆ."

ಅಲ್ಲಿಯ ಏಳು, ಚಳಿಗಾಲದಲ್ಲಿ,
ಇಲ್ಲಿ ನಡುರಾತ್ರಿ ದಾಟಿ ಅರ್ಧ ಗಂಟೆ.
ಲೆಕ್ಕಕ್ಕೆ ಆಗಲೇ ಗುರುವಾರ, ರಾಯರ ವಾರ.
ನಮ್ಮ ಓಣಿಗೆ ಕಾವೇರಿ ನೀರು ಬಿಡುವುದೂ ಅದೇ ಹೊತ್ತು.
ಸಂಬಂಧ ಕಲ್ಪಿಸಬೇಡಿ,
ವಾಲ್ವ್ ತಿರುಗಿಸುವವನು ಮುನಿಕೆಂಪ.
ಹೇಗೂ ಎದ್ದಿರುತ್ತೇನೆ.
ನಾನು ಕಂಡರಿಯದ ಮುದುಕಿಯರು
ಕಂಬಳಿ ಹೊದ್ದು, ನನ್ನ ಹೆಸರನ್ನು
ಎಲ್ಲೆಲ್ಲೋ ಒತ್ತಿ ತಪ್ಪಾಗಿ ಹೇಳುತ್ತಿರಬೇಕು.
ನಲ್ಲಿ ಕೆಮ್ಮುತ್ತದೆ, ಮೊದಲು ಗಾಳಿ, ಆಮೇಲೆ ಕೆಂಪು ನೀರು.
ತಿಳಿಯಾಗುವವರೆಗೆ ಚೆಲ್ಲಿ
ಕೊಡ ಇಡುತ್ತೇನೆ.