ಬಲಗಡೆ ಕೆಳಗೆ, ಹಸಿರು

ಮನಾಮಕ್ಕೆ ಬಂದ ಮೊದಲ ವಾರ
ಹಿಶಾಮರ ಕಚೇರಿಯಲ್ಲಿ ಏಳು ಬಟ್ಟಲು ಕಾಫಿ ಕುಡಿದೆ.
ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿ, ಒಂದೆಳೆ ಕೇಸರಿ.
ಖಾಲಿ ಮಾಡಿದೆನೋ, ದಾದ್‌ಕರೀಮ್ ಬಂದು ತುಂಬುತ್ತಿದ್ದ.
ಬೇಡವೆನ್ನಲು ಸಂಕೋಚ, ಬಿಡಲೂ ಸಂಕೋಚ.
ಎಂಟನೆಯದಕ್ಕೆ ಮುದುಕನಿಗೇ ಕನಿಕರವಾಗಿ
ಗಾಳಿಯಲ್ಲಿ ಬೆರಳು ಆಡಿಸಿ ತೋರಿಸಿದ:
ಬಟ್ಟಲನ್ನು ಹೀಗೆ ಅತ್ತಿತ್ತ ಕುಲುಕು, ಮಗಳೇ.
ಸಾಕು ಅಂತ ಅರ್ಥ.

ಎಲ್ಲೂ ಬರೆದಿರಲಿಲ್ಲ ಅದನ್ನು.
ಗೋಡೆಯ ಮೇಲೂ ಇಲ್ಲ, ಬಟ್ಟಲ ತಳದಲ್ಲೂ ಇಲ್ಲ.

ನಾನು ಬಂದದ್ದು ಅವರ ಹಣ ಕಳಿಸುವ ಯಂತ್ರಗಳಿಗೆ
ಹೊಸ ಮುಖ ಬರೆಯಲು.
ಹಳೆಯದು ಕುರೂಪ, ಈಗಲೂ ಹೇಳುತ್ತೇನೆ:
ಬೂದು ಹಿನ್ನೆಲೆ, ಹಲ್ಲುಪುಡಿ ಬಣ್ಣದ ಅಂಚು,
ಬಲಗಡೆ ಕೆಳಗೆ ದಪ್ಪ ಹಸಿರು ಗುಂಡಿ.
ಕಿತ್ತುಹಾಕಿದೆ.
ನಡುವೆ ಒಂದು ಬಿಳಿ ಹಾಯಿ ಇಟ್ಟೆ.
ಬೆರಳಿಟ್ಟು ಮೇಲಕ್ಕೆ ತಳ್ಳಿದರೆ
ಹಾಯಿ ಉಬ್ಬಿ, ತೇಲಿ, ಮರೆಯಾಗುತ್ತದೆ,
ಅದರೊಂದಿಗೆ ಹಣವೂ.
ಕಚೇರಿಯಲ್ಲಿ ಚಪ್ಪಾಳೆ.
ಹಿಶಾಮರಿಗೆ ಮುತ್ತು ತೆಗೆಯಲು ಹೋಗುತ್ತಿದ್ದ
ಅಜ್ಜನ ದೋಣಿ ನೆನಪಾಯಿತಂತೆ.

ಶುಕ್ರವಾರ ಸಂಜೆ, ಬಾಬ್ ಅಲ್ ಬಹ್ರೇನ್ ಹಿಂದಿನ ಗಲ್ಲಿ.
ಯಂತ್ರದ ಮುಂದಿನ ಸಾಲು ಮಸೀದಿಯ ತಿರುವಿನವರೆಗೆ.
ನಾನು ಪಕ್ಕದಲ್ಲಿ ನಿಂತು, ಮೆಚ್ಚುಗೆಗೆ ಕಾಯುತ್ತಿದ್ದೆ.
ಸಿತ್ರಾದ ಬಸ್ಸಿಳಿದು ಬಂದ ಸಾಯಬಣ್ಣ, ಯಾದಗಿರಿ ಕಡೆಯವನು,
ಕಾರ್ಡು ತೂರಿಸಿದ. ಅಂಕಿ ಒತ್ತಿದ.
ಹೆಬ್ಬೆರಳು ತಾನಾಗಿ ಬಲಗಡೆ ಕೆಳಗಿಳಿಯಿತು.
ಅಲ್ಲಿ ಏನೂ ಇರಲಿಲ್ಲ.
ಒಂಬತ್ತು ವರ್ಷದಿಂದ ಆ ಬೆರಳು ಓದಬಲ್ಲ ಒಂದೇ ಅಕ್ಷರ,
ಅದನ್ನೇ ನಾನು ಅಳಿಸಿದ್ದೆ.
ಬರಿಗಾಜನ್ನು ಒತ್ತಿದ, ಮತ್ತೆ ಒತ್ತಿದ,
ಕತ್ತಲಲ್ಲಿ ಚಿಲಕ ತಡಕುವವನ ಹಾಗೆ.
ಹಾಯಿ ಸುಮ್ಮನೆ ನಿಂತಿತ್ತು.
"ಅಕ್ಕಾ, ಹಸರ ಗುಂಡಿ ಎಲ್ಲಿ ಹೋತ್ರೀ?"
ಫೋನಿನಲ್ಲಿ ನನ್ನ ಕನ್ನಡ ಕೇಳಿಸಿಕೊಂಡಿದ್ದನೇನೋ.
ಸಾಲಿನ ಹಿಂದಿನಿಂದ ಬಂಗಾಳಿಯಲ್ಲೊಂದು ಬೈಗುಳ, ಮಲಯಾಳದಲ್ಲೊಂದು.
ಬೈಗುಳಕ್ಕೆ ವಿನ್ಯಾಸಕಿ ಬೇಕಿಲ್ಲ, ನೇರ ತಲುಪುತ್ತದೆ.

ಆ ರಾತ್ರಿಯೇ ಹಸಿರನ್ನು ಅದರ ಜಾಗಕ್ಕೆ ಮರಳಿಸಿದೆ.
ಜಾಗ ಅಂದರೂ ಏನು?
ಅರಬಿಗೆ ತಿರುಗಿಸಿದರೆ ಪರದೆ ಮಗ್ಗುಲು ಬದಲಿಸುತ್ತದೆ:
ಹಿಂದಕ್ಕೆ ಒಯ್ಯುವ ಬಾಣ ಬಲಕ್ಕೆ ನೋಡುತ್ತದೆ,
ಹಸಿರು ಎಡಕ್ಕೆ ನೆಗೆಯುತ್ತದೆ.
ಬಲ ಯಾವುದು, ಯಾರ ಬಲ,
ಎಂದು ಕೇಳುತ್ತ ಕೂತರೆ ಸಾಲು ಮುಂದೆ ಸರಿಯುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ
ಹಳೆಯದನ್ನು ಮುಟ್ಟಬೇಡಿ ಎಂದು
ಕಿರಿಯರಿಗೆ ಹೇಳಿಕೊಂಡು ಆರಾಮಾಗಿ ಇರುತ್ತಿದ್ದೆ.

ರಂಜಾನ್ ಕಳೆದ ಮೇಲೆ, ಅದೇ ಸಾಯಬಣ್ಣ.
ಅದೇ ಹಸಿರು, ಅದೇ ಹೆಬ್ಬೆರಳು, ಎಲ್ಲ ಇದ್ದಲ್ಲೇ ಇದ್ದು,
ತಂಗಿಯ ಕುಬಸಕ್ಕೆ ಹೋಗಬೇಕಿದ್ದ ನೂರಿಪ್ಪತ್ತು ದಿನಾರು
ಹಳೆಯ ಮೇಸ್ತ್ರಿಯ ಖಾತೆಗೆ ಹೋಯಿತು.
ಪಟ್ಟಿಯಲ್ಲಿ ಮೇಲೊಂದು ಹೆಸರು, ಕೆಳಗೊಂದು ಹೆಸರು,
ನಡುವೆ ಕೂದಲೆಳೆಯ ಗೆರೆ; ನನ್ನದೇ ಗೆರೆ.
ಸರಿಯೇ? ಎಂದು ಪರದೆ ಕೇಳಿತ್ತು,
ಎಲ್ಲ ಪರದೆಗಳೂ ಕೇಳುವ ಹಾಗೆ.
ಹೂಂ ಅಂದಿದ್ದ, ಎಲ್ಲರೂ ಅನ್ನುವ ಹಾಗೆ.
ದಾರಿ ಗೊತ್ತಿದ್ದ ಬೆರಳು ಕಣ್ಣನ್ನು ಕರೆಯಲೇ ಇಲ್ಲ.
ಮೇಸ್ತ್ರಿ ಫೋನೆತ್ತುತ್ತಿಲ್ಲ.

ಈಗ ಅದೊಂದು ಪರದೆಯಲ್ಲಿ ಮಾತ್ರ ಹಸಿರನ್ನು ತೆಗೆದಿದ್ದೇನೆ.
ಹಣ ಯಾರಿಗೋ ಅವರ ಮುಖ, ಪರದೆಯ ತುಂಬ;
ಕೆನ್ನೆಯ ಮೇಲೆ ಬೆರಳಿಟ್ಟು ಮೂರೆಣಿಸುವಷ್ಟು ಹೊತ್ತು ಒತ್ತಬೇಕು.
ನಿಧಾನ. ಎಡವುತ್ತಾರೆ. ಬೈಯುತ್ತಾರೆ.
ಎಡವಲೆಂದೇ ಇಟ್ಟ ಹೊಸ್ತಿಲು ಅದು.

"ಊರಲ್ಲಿ ಯಾರೂ ಹೀಗೆ ಮಾಡಿಲ್ಲ," ಅಂದರು ಹಿಶಾಮ್.
ಗೊತ್ತು, ಅಂದೆ.
ಸಾಲು ಉದ್ದವಾಗುತ್ತದೆ, ಅಂದರು.
ಅದೂ ಗೊತ್ತು.
ದಾದ್‌ಕರೀಮ್ ಹೂಜಿ ಬಾಗಿಸಿದ.
ಹಿಶಾಮ್ ನನ್ನನ್ನೇ ನೋಡುತ್ತ
ಬಟ್ಟಲನ್ನು ಅತ್ತಿತ್ತ ಕುಲುಕಿದರು.
ಕಾಫಿಗೋ, ನನ್ನ ಮಾತಿಗೋ,
ಅದನ್ನು ಮುದುಕ ಇನ್ನೂ ಕಲಿಸಿಕೊಟ್ಟಿಲ್ಲ.