ಬಿರಡೆ ಮೂಸುವವಳು

ಪೋರ್ಚುಗಲ್ಲಿನ ಈ ಲಾಮಸ್ ಎಂಬ ಊರಲ್ಲಿ
ಬಿರಡೆ ಕಾರ್ಖಾನೆ ಬಿಟ್ಟರೆ ಇನ್ನೊಂದು ಬಿರಡೆ ಕಾರ್ಖಾನೆ.
ನಾನು ಫೆಲಿಸ್ಮೀನಾ. ಮೂವತ್ತೊಂದು ವರ್ಷ ನನ್ನ ಕೆಲಸ
ಮೂಸುವುದು.

ಪುಟ್ಟ ಗಾಜಿನ ಲೋಟ, ರಾತ್ರಿಯಿಡೀ ನೆನೆದ ಬಿರಡೆ,
ಬೆಳಿಗ್ಗೆ ಮುಚ್ಚಳ ಸರಿಸಿ ಒಂದೇ ಉಸಿರು.
ಸರಿ. ಸರಿ. ಸರಿ. ಇದು ಬೇಡ.
ಬೇಡ ಅಂದರೆ ಒದ್ದೆ ರಟ್ಟು,
ವರ್ಷಗಟ್ಟಲೆ ಬಾಗಿಲು ತೆಗೆಯದ ನೆಲಮಾಳಿಗೆ, ಮಳೆಗೆ ಸಿಕ್ಕ ನಾಯಿ.
ಕೆಲಸದ ದಿನ ಬೆಳ್ಳುಳ್ಳಿ ತಿಂದಿಲ್ಲ, ಕಾಫಿ ಕುಡಿದಿಲ್ಲ.
ಮದುವೆಯ ದಿನವೂ (ಶನಿವಾರ, ಮಧ್ಯಾಹ್ನದವರೆಗೆ ಪಾಳಿಯಿತ್ತು)
ಅತ್ತರು ಹಚ್ಚಿಕೊಂಡದ್ದು ಚರ್ಚಿನ ಮೆಟ್ಟಿಲ ಮೇಲೆ.

ಯಜಮಾನ ಅಡೆರಿಟು ಗಿರಾಕಿಗಳಿಗೆ ನನ್ನನ್ನು ತೋರಿಸುತ್ತಿದ್ದ:
"ಎದುರು ಬೀದಿಯವನ ಹತ್ತಿರ ಕೊಡಲಿಯಿದೆ, ಹಂಡೆಯಿದೆ,
ಈ ಮೂಗಿಲ್ಲ."
ನಾನು ಸೆರಗಿಲ್ಲದ ಊರಿನವಳು, ಏಪ್ರನ್ನಿನ ತುದಿಯಲ್ಲಿ
ಹಿಗ್ಗು ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ.

ಆಮೇಲೆ ಭೂಮಿಯ ಆ ತುದಿಯಿಂದ ಪತ್ರ ಬಂತು.
ನ್ಯೂಜಿಲೆಂಡಿನ ದ್ರಾಕ್ಷಿತೋಟದವರು, ಬಹಳ ಮರ್ಯಾದೆಯಿಂದ:
ನೂರಕ್ಕೆ ಮೂರು ಬಾಟಲಿ ನಿಮ್ಮ ಬಿರಡೆಯಿಂದ ಕೆಟ್ಟವು,
ಇನ್ನು ಮುಂದೆ ನಮಗೆ ತಿರುಪು ಮುಚ್ಚಳ.
"ಕೆಮ್ಮಿನ ಔಷಧಿಗೆ ಹಾಕುವುದನ್ನು ವೈನಿಗೆ ಹಾಕುತ್ತಾರಂತೆ!"
ಇಡೀ ಊರು ಮೂಗು ಮುರಿಯಿತು.
ಎರಡನೆಯ ಪತ್ರಕ್ಕೆ ಅಡೆರಿಟು ದರ ಇಳಿಸಿದ.
ಐದನೆಯದಕ್ಕೆ ಇನ್ನೊಮ್ಮೆ.
ಹನ್ನೊಂದನೆಯದನ್ನು ಒಡೆಯಲೇ ಇಲ್ಲ,
ಅಲ್ಲಾಡುವ ಮೇಜಿನ ಕಾಲಡಿಗೆ ಮಡಿಸಿಟ್ಟ.

ನಿಜ ಹೇಳಬೇಕು. ಆ ಕ್ರಿಸ್‌ಮಸ್ಸಿಗೆ ತಂಗಿಯ ಮಗ ತಂದ
ತಿರುಪಿನ ಬಾಟಲಿಯನ್ನು ನಾನೂ ಕುಡಿದೆ.
ಕಿರ್ರ್ ಎಂದಿತು, ಅಷ್ಟೆ. ಒಳಗೆ ಹಸಿರು ಸೇಬು, ಕೊಯ್ದ ಹುಲ್ಲು.
ತಪ್ಪು ಹುಡುಕಿದೆ, ಸಿಗಲಿಲ್ಲ.
ನಿದ್ದೆ ಬರಲಿಲ್ಲ.

ತೆಂಕಣ ಬಯಲಿನ ಓಕ್ ಮರಗಳಿಗೆ ಇದ್ಯಾವುದೂ ಗೊತ್ತಿಲ್ಲ.
ತೊಗಟೆ ಸುಲಿದ ಮೇಲೆ ಕಾಂಡಕ್ಕೆ ಬಿಳಿ ಬಣ್ಣದಲ್ಲಿ
ಆ ವರ್ಷದ ಕೊನೆಯ ಅಂಕಿ ಬರೆಯುತ್ತಾರೆ.
ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ.
ಮರ ತನ್ನ ಅಂಗಿಯನ್ನು ತಾನೇ ಹೊಲಿದುಕೊಳ್ಳುವಷ್ಟರಲ್ಲಿ
ನಮ್ಮ ಬೀದಿಯಲ್ಲಿ ಬಾಗಿಲ ಮೇಲೆ ಬಾಗಿಲು ಮುಚ್ಚಿತು.

ಕೊನೆಗೆ ಅಡೆರಿಟು ಅಜ್ಜಿಯ ದ್ರಾಕ್ಷಿತೋಟ ಅಡವಿಟ್ಟು
ಒಂದು ಯಂತ್ರ ತಂದ.
ಮೂಗಿಗಿಂತ ಮೂಗುತಿ ಭಾರ, ಎಂದರು ಲೆಕ್ಕ ನೋಡಿದವರು.
ಅದು ಬಿರಡೆಯನ್ನು ಬೆಚ್ಚಗೆ ಮಾಡಿ, ಉಸಿರು ಹೀರಿ,
ಇಪ್ಪತ್ತು ಸೆಕೆಂಡಿಗೆ ತೀರ್ಪು ಕೊಡುತ್ತಿತ್ತು.
ನಾನು ಮೂಟೆಗೆ ಇಷ್ಟೆಂದು ಆರಿಸಿ ಮೂಸುತ್ತಿದ್ದೆ,
ಅದು ಒಂದನ್ನೂ ಬಿಡದೆ.
ಅದಕ್ಕೆ ನೆಗಡಿಯಿಲ್ಲ. ಪಥ್ಯವಿಲ್ಲ.
ನ್ಯೂಜಿಲೆಂಡಿನವರು ತಿರುಗಿ ನೋಡಲಿಲ್ಲ; ಬರ್ಗಂಡಿಯವರು ಬಂದರು,
ಬಿರಡೆಗೆ ನಾಲ್ಕು ಪಟ್ಟು ಬೆಲೆ ಕೊಟ್ಟರು.

ಹದಿನಾಲ್ಕು ತಿಂಗಳು ನಾವೇ ರಾಜರು.
ಹದಿನೈದನೆಯ ತಿಂಗಳು ಎದುರು ಬೀದಿಗೆ ಲಾರಿ ಬಂತು.
ಮರದ ಪೆಟ್ಟಿಗೆಯ ಮೇಲೆ ಅದೇ ಕಂಪನಿ, ಅದೇ ನೀಲಿ ಬಾಣ,
ಮಾದರಿಯ ಸಂಖ್ಯೆ ಮಾತ್ರ ನಮ್ಮದಕ್ಕಿಂತ ಒಂದು ಹೆಚ್ಚು.
ದುಡ್ಡು ಕೊಟ್ಟು ತಂದದ್ದನ್ನು
ದುಡ್ಡಿರುವ ಯಾರೂ ತರಬಹುದು.
ಅಡೆರಿಟು ಇದನ್ನು ಹೇಳಲಿಲ್ಲ.
ಕಿಟಕಿಯಲ್ಲಿ ನಿಂತಿದ್ದ ಅವನ ಬೆನ್ನು ಹೇಳಿತು.

ನನ್ನನ್ನು ತೆಗೆಯಲಿಲ್ಲ; ಯಂತ್ರ ಬೇಡವೆಂದದ್ದನ್ನು ಚೀಲಕ್ಕೆ ತುಂಬುತ್ತಿದ್ದೆ.
ಹಾಳು ಅಭ್ಯಾಸ, ಒಂದು ದಿನ 'ಸರಿ' ಬುಟ್ಟಿಯಿಂದ ಒಂದನ್ನೆತ್ತಿ ಮೂಸಿದೆ.
ಹೊಗೆ.
ಹಿಂದಿನ ಆಗಸ್ಟಿನಲ್ಲಿ ಗುಡ್ಡ ಉರಿದಿತ್ತಲ್ಲ, ಅದರದ್ದು.
"ಪಟ್ಟಿಯಲ್ಲಿಲ್ಲ," ಎಂದ ಯಂತ್ರದ ಹುಡುಗ, ಪರದೆ ತೋರಿಸಿ.
ಕೇಳಿದ ಪ್ರಶ್ನೆಗೆ ಅದು ಎಂದೂ ತಪ್ಪು ಹೇಳಿಲ್ಲ.
ಹೊಗೆಯನ್ನು ಯಾರೂ ಕೇಳಿರಲಿಲ್ಲ.

ಆ ಸರಕನ್ನು ನಾವು ತಡೆದೆವು. ಎದುರಿನವರು ಕಳಿಸಿದರು.
ಚಳಿಗಾಲ ಕಳೆಯುವಷ್ಟರಲ್ಲಿ ಅವರ ಗಿರಾಕಿಗಳು
ನಮ್ಮ ಮೆಟ್ಟಿಲು ಹತ್ತಿದರು,
ಅಡೆರಿಟು ಮತ್ತೆ ನನ್ನನ್ನು ತೋರಿಸತೊಡಗಿದ.

ಏಪ್ರಿಲ್‌ನಲ್ಲಿ ನೀಲಿ ಬಾಣದ ಕಂಪನಿಯಿಂದ ಒಬ್ಬ ಹುಡುಗಿ ಬಂದಳು.
ವಿನಯವಂತೆ. ನೋಟುಬುಕ್ಕು ತೆರೆದಳು.
"ಹೊಗೆ ಅಂದಿರಲ್ಲ, ಅದು ಹೇಗಿರುತ್ತೆ, ಸ್ವಲ್ಪ ಹೇಳ್ತೀರಾ?"
ಹೇಳಿದೆ. ಎಲ್ಲ ಹೇಳಿದೆ,
ಮೊದಲು ನಾಲಿಗೆಯ ಹಿಂದೆ, ಆಮೇಲೆ ಗಂಟಲಲ್ಲಿ, ಅಂತ.
ಅವಳು ಬರೆದುಕೊಂಡು ಹೋದ ಮೇಲೆ
ಕೆಲಸದ ಹೊತ್ತಿನಲ್ಲೇ, ಮೊಟ್ಟಮೊದಲ ಸಲ,
ಒಂದು ಕಾಫಿ ಕುಡಿದೆ.
ಸಕ್ಕರೆ ಹಾಕಿ.